ಹುರುಳಿ ಖರೆ, ಪಗಾರ ಎಷ್ಟು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ವಿ.ಗೆ 27 ವರ್ಷ, ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ನಿದ್ದೆಯಿಲ್ಲ, ಊರಿಂದ ಫೋನ್ ಬಂದರೆ ಎದೆ ಡವಡವ ಎಂದು ಹೇಳಿಕೊಂಡು ನನ್ನ ಬಳಿ ಸಲಹೆಗೆ ಬಂದಳು. ಪುರಾತತ್ವ ಯೋಜನೆಯೊಂದರಲ್ಲಿ ಗುತ್ತಿಗೆ ಕೆಲಸವಿತ್ತು; ಯೋಜನೆ ಮುಗಿಯಿತು, ಸಂಬಳವೂ ನಿಂತಿತು. ಬಿ.ಎಡ್. ಮಾಡೆಂದು ಅಪ್ಪನ ಹಟ.

ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಮಾಡಿಸಲು ಹೇಳಿದೆ. ಎರಡೂ ಸರಿಯಿದ್ದವು.

ಕೆಲಸದ ಬಗ್ಗೆ ಕೇಳಿದ್ದೇ ತಡ, ಮಾತು ಹರಿಯಿತು. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿ ಒಟ್ಟಿ ಸುಟ್ಟ ರಾಶಿಗಳು. ಸುರಪುರದ ಕಡೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರ ಉತ್ಖನನದಲ್ಲಿ ದಿಬ್ಬದ ಜೊತೆಗೇ ಜನವಸತಿಯೂ ಕಂಡಿತು. ಇಂಥ ನೆಲೆಗಳ ಮಣ್ಣನ್ನು ನೀರಲ್ಲಿ ಕದಡಿದರೆ ಸುಟ್ಟು ಇದ್ದಿಲಾದ ಕಾಳು ತೇಲುತ್ತವೆ. ಸಂಗನಕಲ್ಲು, ತೆಕ್ಕಲಕೋಟೆಗಳಲ್ಲಿ ಹೀಗೆ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆಯೆಂಬ ಸಿರಿಧಾನ್ಯ. ಅಂದಿನವರು ಏನು ಬೆಳೆದರು, ಎಂಥ ಮಳೆಗೆ ಬೆಳೆದರು ಎಂಬುದನ್ನು ಆ ಕಾಳುಗಳಿಂದ ಊಹಿಸುತ್ತಾರೆ. ಅವುಗಳನ್ನು ಸೂಕ್ಷ್ಮದರ್ಶಕದಡಿ ಗುರುತಿಸುವುದೇ ಇವಳ ಕಸುಬು.

ಮುಂದಿನ ಸಲ ಅಪ್ಪನೂ ಬಂದರು. ಒಣಬೇಸಾಯದವರು. ಮಗಳು ಹೇಳಿದ್ದನ್ನೆಲ್ಲ ಕೇಳಿ, "ಹುರುಳಿ ಖರೆ ಐತ್ರಿ ಮೇಡಂ, ಪಗಾರ ಎಷ್ಟು?" ಎಂದರು.

ಆ ಪ್ರಶ್ನೆಯನ್ನು ಆಕೆ ತನ್ನ ವಿದ್ಯೆಗೆ ಮಾಡಿದ ಅವಮಾನವೆಂದು ತಿಳಿದಿದ್ದಳು. ನನಗೆ ಹಾಗನ್ನಿಸಲಿಲ್ಲ. ಮಳೆ ನಂಬಿ ಬದುಕಿದವರು ಕೇಳಲೇಬೇಕಾದ ಪ್ರಶ್ನೆ ಅದು. ಅದಕ್ಕೆ ಉತ್ತರ ರೂಪಾಯಿಯಲ್ಲೇ ಇರಬೇಕು, ಆಸಕ್ತಿಯ ಮಾತಿನಲ್ಲಲ್ಲ. ಮೂವರೂ ಕೂತು ಲೆಕ್ಕ ಬರೆದೆವು. ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಜೀವವಿಜ್ಞಾನ ಪತ್ರಿಕೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ವೇತನ, ಬಂದರೆ ತಿಂಗಳಿಗೆ 37,000 ರೂಪಾಯಿ. ಮಹಿಳೆಯರಿಗೆ ವಯೋಮಿತಿಯಲ್ಲಿ ರಿಯಾಯಿತಿಯೂ ಇದೆ. ಪುಣೆಯ ಡೆಕ್ಕನ್ ಕಾಲೇಜು, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಇಂಥ ಸಂಶೋಧನೆ ನಡೆಯುವ ಈ ಎರಡು ಕಡೆಗೂ ಪತ್ರ ಬರೆಯಲು ಸೂಚಿಸಿದೆ. ಪರಾಗ ಗುರುತಿಸುವುದನ್ನೂ ಕಲಿ, ಅದು ಪುರಾತತ್ವದ ಹೊರಗೂ ಅನ್ನ ಕೊಡುತ್ತದೆ ಎಂದೆ. ಅಲ್ಲಿಯವರೆಗೆ ಮಕ್ಕಳಿಗೆ ಟ್ಯೂಷನ್ ಹೇಳುವುದು. ಪರೀಕ್ಷೆ ಎರಡು ಸಲ ಕೈಕೊಟ್ಟರೆ ಬಿ.ಎಡ್. ಈ ಮಾತನ್ನು ಆಕೆಯ ಬಾಯಿಂದಲೇ ಹೇಳಿಸಿದೆ, ಶಿಕ್ಷೆಯೆಂದು ಅನ್ನಿಸಬಾರದಲ್ಲ. ಊರಿನ ಫೋನ್ ವಾರಕ್ಕೆರಡು ಸಲ, ಗೊತ್ತಾದ ಹೊತ್ತಿಗೆ.

ಮೊದಲ ಯತ್ನದಲ್ಲಿ ಜೆಆರ್‌ಎಫ್ ಬರಲಿಲ್ಲ. ಎರಡನೆಯದಕ್ಕೆ ಓದುತ್ತಿದ್ದಾಳೆ, ನಿದ್ದೆ ಪರವಾಗಿಲ್ಲ. ಬಿ.ಎಡ್. ಅರ್ಜಿಯ ಕೊನೆಯ ದಿನಾಂಕವನ್ನು ಅಪ್ಪ ಈಗಲೂ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಬೇಡವೆಂದು ನಾನೇನೂ ಹೇಳಿಲ್ಲ.