ಗ್ಯಾರೇಜ್ ಪ್ರಶ್ನೋತ್ತರ: ಹಳೇ ಅಂಬಾಸಡರ್‌ಗೆ ಯಾವ ಆಯಿಲ್?

ಪ್ರಶ್ನೆ: ಅಪ್ಪನ ಕಾಲದ 1978ರ ಪೆಟ್ರೋಲ್ ಅಂಬಾಸಡರ್‌ಗೆ ಶಿವಮೊಗ್ಗದಲ್ಲಿ ಇಂಜಿನ್ ಬಿಚ್ಚಿಸಿ ಹೊಸ ಕ್ಯಾಮ್‌ಶಾಫ್ಟ್, ಟ್ಯಾಪೆಟ್ ಹಾಕಿಸುತ್ತಿದ್ದೇನೆ. ಆಯಿಲ್ ಅಂಗಡಿಯವರು 5ಡಬ್ಲ್ಯು-30 ಫುಲ್ ಸಿಂಥೆಟಿಕ್ಕೇ ಬೆಸ್ಟ್ ಅಂತಾರೆ. ಭಾವ ಲಾರಿ ಆಯಿಲ್ ಸುರಿ ಅಂತಾರೆ. ಗೆಳೆಯರೊಬ್ಬರು ಆಯಿಲ್‌ಗೆ ಬೆರೆಸುವ ಜಿಂಕ್ ಬಾಟ್ಲಿ ಕೊಟ್ಟಿದ್ದಾರೆ. ಯಾರ ಮಾತು ಕೇಳಲಿ?
— ಓದುಗರು, ತೀರ್ಥಹಳ್ಳಿ

ಉತ್ತರ: ಮೂವರಲ್ಲಿ ನಿಮ್ಮ ಭಾವನೇ ವಾಸಿ, ಮಾರಾಯ್ರೆ.

ನಿಮ್ಮ 1489 ಸಿಸಿ ಇಂಜಿನ್‌ನಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ನ ಮೂಗು, ಅಂದರೆ ಉಬ್ಬು, ಅದರ ಮೇಲೆ ಕೂತ ಟ್ಯಾಪೆಟ್‌ನ ಚಪ್ಪಟೆ ಅಡಿಗೆ ಉಜ್ಜಿಕೊಂಡೇ ತಿರುಗುತ್ತೆ. ಈಗಿನ ಎಷ್ಟೋ ಕಾರುಗಳಲ್ಲಿ ಇರುವ ರೋಲರ್ ಇದರಲ್ಲಿಲ್ಲ. ಅಲ್ಲಿ ಬೀಳುವ ಒತ್ತಡಕ್ಕೆ ಆಯಿಲ್ ಪದರವೇ ಹರಿದುಹೋಗುತ್ತೆ. ಆಗ ಕಾಪಾಡೋದು ಆಯಿಲ್‌ನಲ್ಲಿ ಕರಗಿರುವ ಜೆಡ್‌ಡಿಡಿಪಿ, ಅಂದರೆ ಜಿಂಕ್, ರಂಜಕ, ಗಂಧಕ ಸೇರಿದ ಒಂದು ಸಂಯುಕ್ತ. ಉಜ್ಜಾಟದ ಬಿಸಿಗೆ ಅದು ಒಡೆದು ಲೋಹದ ಮೇಲೆ ಗಾಜಿನಂಥ ತೆಳು ಪೊರೆ ಕಟ್ಟುತ್ತೆ. ಕ್ಯಾಮ್ ಬದಲು ಆ ಪೊರೆ ಸವೆಯುತ್ತೆ, ಮತ್ತೆ ಕಟ್ಟುತ್ತೆ.

ಈ ರಂಜಕ ಹೊಗೆಯ ಜೊತೆ ಹೋಗಿ ಹೊಸ ಕಾರುಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸುತ್ತೆ. ಹಾಗಾಗಿ 2004ರಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐನ ಎಸ್‌ಎಂ ದರ್ಜೆ ಬಂದ ಮೇಲೆ 5ಡಬ್ಲ್ಯು-30, 10ಡಬ್ಲ್ಯು-30ರಂಥ ತೆಳು ಆಯಿಲ್‌ಗಳಲ್ಲಿ ರಂಜಕ 800 ಪಿಪಿಎಂ (ಹತ್ತು ಲಕ್ಷಕ್ಕೆ 800 ಭಾಗ) ದಾಟುವಂತಿಲ್ಲ, ಅಂದರೆ ಜೆಡ್‌ಡಿಡಿಪಿಯೂ ಕಮ್ಮಿ. 20ಡಬ್ಲ್ಯು-50ಗೆ ಈ ಕಟ್ಟು ಇಲ್ಲ. ನಿಮ್ಮ ಗಾಡಿಗೆ ಕನ್ವರ್ಟರ್ರೇ ಇಲ್ಲ!

ಹಾಗಾಗಿ 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕಿ. ರಂಜಕ 1000ದಿಂದ 1200 ಪಿಪಿಎಂ ಇದ್ದರೆ ಸಾಕು. ಡಬ್ಬದ ಮೇಲೆ ಸಾಮಾನ್ಯವಾಗಿ ಇದನ್ನು ಬರೆದಿರೋಲ್ಲ. ಕಂಪನಿಯ ಡೇಟಾ ಶೀಟ್ ಕೇಳಿ. ಅಲ್ಲಿ ಶೇಕಡಾ 0.1 ಅಂತಿದ್ದರೆ ಅದೇ 1000 ಪಿಪಿಎಂ. ಸಿಗದಿದ್ದರೆ ಭಾವ ಹೇಳಿದ ಲಾರಿ ಆಯಿಲ್, ಅಂದರೆ ಡೀಸೆಲ್ ಇಂಜಿನ್ನಿನ ಸಿಐ-4 ದರ್ಜೆಯ 15ಡಬ್ಲ್ಯು-40 ನಡೆಯುತ್ತೆ, ಜೊತೆಗೆ ಪೆಟ್ರೋಲ್ ಗಾಡಿಯ ಎಸ್‌ಎಲ್ ದರ್ಜೆಯೂ ನಮೂದಾಗಿರಬೇಕು. ಡೀಸೆಲ್ ಆಯಿಲ್‌ಗೆ ತೊಳೆಯುವ ಗುಣ ಜಾಸ್ತಿ. ಬಿಚ್ಚದ ಹಳೇ ಇಂಜಿನ್‌ನಲ್ಲಿ ಅದು ವರ್ಷಗಟ್ಟಲೆ ಕೂತ ಕೆಸರು ಎಬ್ಬಿಸೀತು. ನಿಮ್ಮದು ಬಿಚ್ಚಿ ತೊಳೆದ ಇಂಜಿನ್, ಆ ಭಯ ಬೇಡ.

ಬಾಟ್ಲಿ ವಾಪಸ್ ಕೊಟ್ಟುಬಿಡಿ. ಜಿಂಕ್ ಸಾಕಷ್ಟಿರುವ ಆಯಿಲ್‌ಗೆ ಮತ್ತೆ ಜಿಂಕ್ ಸುರಿದರೆ, ಅತಿಯಾಗಿ ಕ್ಯಾಮ್ ಮೈಯನ್ನೇ ತಿನ್ನಬಹುದು.

ಇಷ್ಟೆಲ್ಲ ಮಾಡಿಯೂ ಹೊಸ ಕ್ಯಾಮ್ ಹಾಳಾಗೋದು ಮೊದಲ ಅರ್ಧ ಗಂಟೆಯಲ್ಲೇ. ಕೂರಿಸುವಾಗ ಮೂಗುಗಳಿಗೂ ಟ್ಯಾಪೆಟ್ ಅಡಿಗೂ ಕ್ಯಾಮ್ ಪೇಸ್ಟ್ ದಪ್ಪಗೆ ಬಳಿಸಿ. ಇಂಜಿನ್ ಹತ್ತಿಕೊಂಡ ತಕ್ಷಣ ಐಡಲ್‌ಗೆ ಬಿಡಬೇಡಿ. ನಿಧಾನ ತಿರುಗುವಾಗ ಕ್ಯಾಮ್ ಮೇಲೆ ಆಯಿಲ್ ಎರಚೋದೇ ಕಮ್ಮಿ. 2000 ಆರ್‌ಪಿಎಂ ಆಸುಪಾಸಿನಲ್ಲಿ ಏರಿಸಿ ಇಳಿಸುತ್ತ 20 ನಿಮಿಷ ಓಡಿಸಿ, ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಮೆಕ್ಯಾನಿಕ್ ಅವಸರ ಮಾಡಿದರೆ ಪಕ್ಕದಲ್ಲೇ ನಿಂತುಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಪದ್ಮಿನಿ ಕಾರಿನ ಆಯಿಲ್ ಕ್ಯಾಪ್ ಒಳಗೆ ಬೆಣ್ಣೆಯಂಥ ಬಿಳಿ ನೊರೆ ಕಟ್ಟುತ್ತೆ. ಇಂಜಿನ್ ತಲೆಯಡಿಯ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್‌ಗೆ ಸೇರ್ತಾ ಇದೆಯಾ?
— ಓದುಗರು, ಹೊಸನಗರ

ಉತ್ತರ: ರೇಡಿಯೇಟರ್ ನೀರು ಇಳಿಯದೆ ಇದ್ದರೆ, ಡಿಪ್‌ಸ್ಟಿಕ್‌ನಲ್ಲೂ ನೊರೆ ಕಾಣದಿದ್ದರೆ ಅದು ಬಹುತೇಕ ತೇವ ಅಷ್ಟೇ. ಪೇಟೆಗೆ ಹೋಗಿ ಬರುವ ನಾಲ್ಕು ಕಿಲೋಮೀಟರಿಗೆ ಆಯಿಲ್ ಕಾಯೋಲ್ಲ, ನೀರು ಆವಿಯಾಗೋಲ್ಲ. ವಾರಕ್ಕೊಮ್ಮೆ ಸಾಗರದ ತನಕ ಓಡಿಸಿಕೊಂಡು ಬನ್ನಿ. ಶೆಡ್ಡಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡೋದಕ್ಕಿಂತ ಮುಟ್ಟದೆ ಬಿಡೋದೇ ಮೇಲು.