ಸೌದಿ, ಕತಾರ್, ದುಬೈ ಲೈಸೆನ್ಸ್: ಅರಬ್ ನರ್ಸ್‌ಗಳ ಕಾಗದಪತ್ರ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಪ್ರಶ್ನೆ: ನಾನು ಬೆಂಗಳೂರಿನ ನರ್ಸಿಂಗ್ ಕಾಲೇಜೊಂದರಲ್ಲಿ ಉಪನ್ಯಾಸಕಿ. ಯೆಮೆನ್ ಮತ್ತು ಸುಡಾನ್‌ನಿಂದ ಬಂದ ಕೆಲವು ವಿದ್ಯಾರ್ಥಿಗಳು ನಮ್ಮಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದ್ದಾರೆ. ಯುದ್ಧದಿಂದಾಗಿ ಊರಿಗೆ ಮರಳುವುದು ಕಷ್ಟ, ಸೌದಿಯಲ್ಲೋ ದುಬೈನಲ್ಲೋ ಕೆಲಸ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ಏಜೆಂಟ್ ಒಬ್ಬರು ಮೊದಲು ಪ್ರೊಮೆಟ್ರಿಕ್ (ಗಲ್ಫ್ ಲೈಸೆನ್ಸ್‌ಗಾಗಿ ಬರೆಯುವ ಕಂಪ್ಯೂಟರ್ ಪರೀಕ್ಷೆ) ಪಾಸ್ ಮಾಡಿ, ಉಳಿದದ್ದು ಆಮೇಲೆ ಎಂದಿದ್ದಾರಂತೆ. ಇದು ಸರಿಯೇ? ಕಾಲೇಜಿನಿಂದ ನಾವು ಏನು ಮಾಡಿಕೊಡಬಹುದು?

ಉತ್ತರ: ಏಜೆಂಟ್ ಹೇಳಿದ ಕ್ರಮ ತಲೆಕೆಳಗಾಗಿದೆ. ಪರೀಕ್ಷೆಯಲ್ಲಿ ಫೇಲಾದರೆ ಮತ್ತೆ ಬರೆಯಬಹುದು. ಆದರೆ ನೋಂದಣಿಯೇ ಇಲ್ಲದವರು ಪಾಸಾದರೂ ಲೈಸೆನ್ಸ್ ಕೈಗೆ ಬರುವುದಿಲ್ಲ. ಗಲ್ಫ್‌ನ ಯಾವ ಪ್ರಾಧಿಕಾರವೂ ಮೊದಲು ಕೇಳುವುದು ಒಂದನ್ನೇ: ನೀವು ಈಗಾಗಲೇ ಯಾವ ದೇಶದಲ್ಲಿ ನೋಂದಾಯಿತ ನರ್ಸ್? ಆ ನೋಂದಣಿ ಸ್ವಂತ ದೇಶದ್ದಾಗಿರಬೇಕು, ಇಲ್ಲವೇ ಕೊನೆಯದಾಗಿ ಕೆಲಸ ಮಾಡಿದ ದೇಶದ್ದಾಗಿರಬೇಕು. ಇಲ್ಲಿ ಓದಿದ ಯೆಮೆನಿ, ಸುಡಾನಿ ವಿದ್ಯಾರ್ಥಿಗಳು ಸಿಕ್ಕಿಕೊಳ್ಳುವುದು ಈ ಜಾಗದಲ್ಲಿ. ಪದವಿ ಬೆಂಗಳೂರಿನದು, ನೋಂದಣಿ ಎಲ್ಲಿಯದೂ ಅಲ್ಲ.

ಹಾಗಾಗಿ ಮೊದಲ ಕೆಲಸ, ಇಲ್ಲಿನ ಪದವಿಗೆ ಅವರ ದೇಶದ ಉನ್ನತ ಶಿಕ್ಷಣ ಸಚಿವಾಲಯದಿಂದ ತತ್ಸಮಾನ ಪತ್ರ ಪಡೆದು ಅಲ್ಲಿನ ಆರೋಗ್ಯ ವೃತ್ತಿಪರರ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುವುದು. ಸುಡಾನ್‌ನಲ್ಲಿ 2023ರ ಏಪ್ರಿಲ್ 15ರಂದು ಯುದ್ಧ ಶುರುವಾದ ಮೇಲೆ ಸರ್ಕಾರಿ ಕಚೇರಿಗಳು ಖಾರ್ತೂಮ್ ಬಿಟ್ಟು ಪೋರ್ಟ್ ಸುಡಾನ್‌ಗೆ ಹೋಗಿದ್ದವು. ಹಳೆಯ ವಿಳಾಸ, ಹಳೆಯ ಇಮೇಲ್ ಹಾಕಿದರೆ ಉತ್ತರವೇ ಬರದಿರಬಹುದು. ಅರ್ಜಿ ಹಾಕುವ ಮುನ್ನ ದೆಹಲಿಯ ರಾಯಭಾರ ಕಚೇರಿಯಿಂದ ಈಗಿನ ವಿಳಾಸ ಕೇಳಿಕೊಳ್ಳಲಿ. ಯೆಮೆನ್‌ನಲ್ಲಿ ಸನಾದಲ್ಲಿ ಒಂದು ಆಡಳಿತ, ಏಡನ್‌ನಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಇರುವ ಸರ್ಕಾರದ ಇನ್ನೊಂದು ಆಡಳಿತ. ಸೌದಿಗೆ ಹೋಗುವವರು ಏಡನ್ ಕಡೆಯ ಮುದ್ರೆಯನ್ನೇ ಹಾಕಿಸಿಕೊಳ್ಳಬೇಕು. ಎರಡೂ ಕಡೆಯ ಮುದ್ರೆಗಳು ಬೆರೆತಿರುವ ಕಾಗದಪತ್ರ ಮುಂದೆ ಪ್ರಶ್ನೆಗಳನ್ನು ಎಬ್ಬಿಸುತ್ತದೆ.

ನಿಮ್ಮ ಕಾಲೇಜಿನಿಂದ ಆಗಬೇಕಾದದ್ದು ಬಹಳಷ್ಟಿದೆ, ಅದು ನಿಮ್ಮ ಕೈಯಲ್ಲೇ ಇದೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬರೀ ಅಂಕ ಇದ್ದರೆ ಸಾಲದು. ಪ್ರತಿ ವಿಷಯಕ್ಕೂ ಥಿಯರಿ ಗಂಟೆ ಎಷ್ಟು, ಕ್ಲಿನಿಕಲ್ ಗಂಟೆ ಎಷ್ಟು ಎಂದು ಬೇರೆಬೇರೆಯಾಗಿ ಇರಬೇಕು. ಮೆಡಿಕಲ್-ಸರ್ಜಿಕಲ್, ಮಕ್ಕಳ ವಿಭಾಗ, ಹೆರಿಗೆ, ಮನೋರೋಗ, ಸಮುದಾಯ, ಇವೆಲ್ಲ ಪ್ರತ್ಯೇಕ ಸಾಲುಗಳಲ್ಲಿ ಕಾಣಬೇಕು. ಪ್ರವೇಶದ ದಿನಾಂಕ, ಮುಗಿದ ದಿನಾಂಕ, ಬೋಧನೆಯ ಮಾಧ್ಯಮ ಇಂಗ್ಲಿಷ್ ಎಂಬ ಪತ್ರ ಕೂಡ ಬೇಕು.

ಇನ್ನು ಹೆಸರು. ಅರಬ್ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ ಇರುತ್ತದೆ: ಸ್ವಂತ ಹೆಸರು, ತಂದೆಯದು, ಅಜ್ಜನದು, ಮನೆತನದ್ದು. ಪ್ರವೇಶದ ದಿನ ಗುಮಾಸ್ತರು ಮೂರನ್ನೇ ಬರೆದುಕೊಂಡರೆ, ಅಥವಾ ಮನೆತನದ ಹೆಸರಿನ ಮುಂದಿನ 'ಅಲ್' ಬಿಟ್ಟರೆ, ನಾಲ್ಕು ವರ್ಷದ ಅಂಕಪಟ್ಟಿಗಳೆಲ್ಲ ಅದೇ ತಪ್ಪನ್ನು ಹೊತ್ತುಕೊಂಡು ಬರುತ್ತವೆ. ಪದವಿ ಪ್ರಮಾಣಪತ್ರ ಅಚ್ಚಾಗುವ ಮುನ್ನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ತಿದ್ದಿಸುವುದು ಸುಲಭ, ಅಚ್ಚಾದ ಮೇಲೆ ತಿಂಗಳುಗಟ್ಟಲೆ ಓಡಾಟ. ದಯವಿಟ್ಟು ಮೊದಲ ವರ್ಷದಲ್ಲೇ ಪಾಸ್‌ಪೋರ್ಟ್ ಪಕ್ಕಕ್ಕಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ಹೊಂದಿಸಿ ನೋಡಿ. ತಂದೆಯ ಹೆಸರನ್ನು ಇನಿಷಿಯಲ್ ಆಗಿ ಬರೆಯುವ ನಮ್ಮ ಕನ್ನಡದ ಹುಡುಗಿಯರಿಗೂ ಇದೇ ತೊಂದರೆ ಇದೆ.

ಒಂದು ಎಚ್ಚರಿಕೆಯನ್ನು ಖಂಡಿತ ಹೇಳಬೇಕು. ವಿದ್ಯಾರ್ಥಿ ವೀಸಾದಲ್ಲಿ ಭಾರತದಲ್ಲಿ ನೌಕರಿ ಮಾಡುವಂತಿಲ್ಲ. ಪರಿಚಯದ ನರ್ಸಿಂಗ್ ಹೋಮ್‌ನಿಂದ ಎರಡು ವರ್ಷದ ಅನುಭವ ಪತ್ರ ಬರೆಸಿಕೊಟ್ಟರೆ ಮಕ್ಕಳಿಗೆ ಉಪಕಾರ ಮಾಡಿದ ಹಾಗೆ ಕಾಣುತ್ತದೆ. ಆದರೆ ವೀಸಾದ ದಿನಾಂಕ ಮತ್ತು ಪತ್ರದ ದಿನಾಂಕ ಎದುರುಬದುರು ಇಟ್ಟ ಕ್ಷಣವೇ ಅದು ಬಯಲಾಗುತ್ತದೆ. ಸುಳ್ಳು ಪತ್ರ ಎಂದು ಒಮ್ಮೆ ದಾಖಲಾದರೆ ಅದು ಒಂದು ದೇಶಕ್ಕೆ ಮುಗಿಯುವುದಿಲ್ಲ, ಏಕೆಂದರೆ ದಾಖಲೆಗಳ ಪರಿಶೀಲನೆಗೆ ಗಲ್ಫ್‌ನ ಹಲವು ಪ್ರಾಧಿಕಾರಗಳು ಡೇಟಾಫ್ಲೋ ಎಂಬ ಒಂದೇ ಸಂಸ್ಥೆಯನ್ನು ಬಳಸುತ್ತವೆ.

ದೃಢೀಕರಣದ ವಿಚಾರ ಚುಟುಕಾಗಿ: ಸೌದಿ ಅರೇಬಿಯಾ 2022ರ ಡಿಸೆಂಬರ್ 7ರಿಂದ ಅಪೋಸ್ಟಿಲ್ (ದಾಖಲೆ ಅಸಲಿ ಎಂಬ ಒಂದೇ ಮುದ್ರೆಯನ್ನು ಸದಸ್ಯ ದೇಶಗಳು ಒಪ್ಪುವ) ಒಪ್ಪಂದದಲ್ಲಿದೆ, ಒಮಾನ್ ಮತ್ತು ಬಹ್ರೈನ್ ಅದಕ್ಕೂ ಮೊದಲೇ ಸೇರಿವೆ. ಅಲ್ಲಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ನಡೆಯುತ್ತದೆ. ಯುಎಇ, ಕತಾರ್, ಕುವೈತ್‌ಗೆ ಆಯಾ ರಾಯಭಾರ ಕಚೇರಿಯ ಮುದ್ರೆ ಬೇಕು.

ಇಷ್ಟಾದ ಮೇಲೆ ಸೌದಿಗಾದರೆ 'ಮುಮಾರಿಸ್ ಪ್ಲಸ್' ತಾಣದಲ್ಲಿ ಖಾತೆ, ಡೇಟಾಫ್ಲೋ ಪರಿಶೀಲನೆ, ಪ್ರೊಮೆಟ್ರಿಕ್ ಕೇಂದ್ರದಲ್ಲಿ ಪರೀಕ್ಷೆ, ನಂತರ ವರ್ಗೀಕರಣ, ಅಂದರೆ ದರ್ಜೆ ನಿಗದಿ. ಇದನ್ನೆಲ್ಲ ನೋಡಿಕೊಳ್ಳುವುದು ಸೌದಿ ಕಮಿಷನ್ ಫಾರ್ ಹೆಲ್ತ್ ಸ್ಪೆಷಾಲಿಟೀಸ್. ಬಿಎಸ್ಸಿ ಮಾಡಿದವರು 'ಸ್ಪೆಷಲಿಸ್ಟ್' ದರ್ಜೆಗೆ, ಡಿಪ್ಲೊಮಾದವರು 'ಟೆಕ್ನಿಷಿಯನ್' ದರ್ಜೆಗೆ ಬರುತ್ತಾರೆ. ಸಂಬಳ ನಿಲ್ಲುವುದು ಈ ದರ್ಜೆಯ ಮೇಲೆ. ಯುಎಇಯಲ್ಲಿ ಒಂದೇ ಬಾಗಿಲಿಲ್ಲ: ದುಬೈಗೆ ಡಿಎಚ್‌ಎ (ದುಬೈ ಆರೋಗ್ಯ ಪ್ರಾಧಿಕಾರ), ಅಬುಧಾಬಿಗೆ ಡಿಒಎಚ್ (ಅಲ್ಲಿನ ಆರೋಗ್ಯ ಇಲಾಖೆ), ಶಾರ್ಜಾ ಸೇರಿದಂತೆ ಉತ್ತರದ ಎಮಿರೇಟ್‌ಗಳಿಗೆ ಆರೋಗ್ಯ ಸಚಿವಾಲಯ. ಎಲ್ಲಿ ಕೆಲಸ ಸಿಗುವ ಸಾಧ್ಯತೆ ಹೆಚ್ಚೋ ಅಲ್ಲಿಗೇ ಅರ್ಜಿ ಹಾಕಲಿ, ಮೂರಕ್ಕೂ ಹಣ ಸುರಿಯುವುದು ಬೇಡ.

ಪ್ರಶ್ನೆ: ರಿಯಾದ್‌ನ ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿದ್ದೇನೆ, ಊರು ಉಡುಪಿ. ನನ್ನ ವಾರ್ಡಿನ ಟ್ಯುನಿಷಿಯಾದ ಹುಡುಗಿ ಕತಾರ್‌ಗೆ ಹೋಗಲು ಅರ್ಜಿ ಹಾಕಿದ್ದಾಳೆ. ಡೇಟಾಫ್ಲೋ ವರದಿಯಲ್ಲಿ 'ಡಿಸ್ಕ್ರಿಪನ್ಸಿ' ಎಂದು ಬಂದಿದೆ. ಅವಳು ಯಾವ ಮೋಸವನ್ನೂ ಮಾಡಿಲ್ಲ, ಒಳ್ಳೆಯ ಕೆಲಸಗಾರ್ತಿ. ಇನ್ನು ದಾರಿಯೇ ಇಲ್ಲವೇ?

ಉತ್ತರ: ದಾರಿ ಇದೆ. ಮೊದಲು ಈ ಪದಗಳನ್ನು ಬಿಡಿಸಿಕೊಳ್ಳಿ. 'ನೆಗೆಟಿವ್' ಎಂದರೆ ದಾಖಲೆ ಕೊಟ್ಟ ಸಂಸ್ಥೆಯೇ ಇದು ನಮ್ಮದಲ್ಲ ಎಂದಿದೆ ಎಂದರ್ಥ. 'ಅನ್‌ಏಬಲ್ ಟು ವೆರಿಫೈ' ಎಂದರೆ ಆ ಸಂಸ್ಥೆ ಉತ್ತರವನ್ನೇ ಕೊಟ್ಟಿಲ್ಲ. 'ಡಿಸ್ಕ್ರಿಪನ್ಸಿ' ಎಂದರೆ ಉತ್ತರ ಬಂದಿದೆ, ಆದರೆ ಅರ್ಜಿಯಲ್ಲಿ ಬರೆದದ್ದಕ್ಕೂ ಅದಕ್ಕೂ ತಾಳೆಯಾಗಿಲ್ಲ. ವರದಿಯಲ್ಲಿ ಯಾವ ದಾಖಲೆಯ ಮುಂದೆ ಈ ಷರಾ ಇದೆ ಎಂದು ನೋಡಿ. ಟ್ಯುನಿಷಿಯಾದಿಂದ ಸೌದಿಗೆ ಬಂದವರಲ್ಲಿ ಎರಡು ಜಾಗಗಳ ಮೇಲೆ ನಮಗೆ ಮೊದಲ ಅನುಮಾನ.

ಒಂದನೆಯದು ಕಾಗುಣಿತ. ಟ್ಯುನಿಷಿಯಾ, ಅಲ್ಜೀರಿಯಾ, ಮೊರಾಕೊಗಳಲ್ಲಿ ಅರಬ್ಬಿ ಹೆಸರನ್ನು ಫ್ರೆಂಚ್ ಪದ್ಧತಿಯಲ್ಲಿ ಬರೆಯುತ್ತಾರೆ. 'ಶೈಮಾ' ಎಂಬ ಹೆಸರು ಅವರ ಪಾಸ್‌ಪೋರ್ಟ್‌ನಲ್ಲಿ ಸಿ-ಎಚ್‌ನಿಂದ ಶುರುವಾಗುತ್ತದೆ. ರಿಯಾದ್‌ನ ಎಚ್‌ಆರ್ ಗುಮಾಸ್ತರು ಅರಬ್ಬಿ ಹೆಸರನ್ನು ನೋಡಿ ಇಂಗ್ಲಿಷ್ ರೀತಿಯಲ್ಲಿ ಎಸ್-ಎಚ್ ಬರೆದುಬಿಡುತ್ತಾರೆ. 'ವರ್ದಾ' ಅಲ್ಲಿ ಒ-ಯುನಿಂದ, ಇಲ್ಲಿ ಡಬ್ಲ್ಯುನಿಂದ. ಅನುಭವ ಪತ್ರವನ್ನು ಪಾಸ್‌ಪೋರ್ಟ್ ಕಾಗುಣಿತದಲ್ಲೇ ಮತ್ತೆ ಬರೆಸಿಕೊಳ್ಳಲಿ. ಹಳೆಯ ಡಿಪ್ಲೊಮಾ ಫ್ರೆಂಚ್‌ನಲ್ಲಿದ್ದರೆ ಪ್ರಮಾಣಿತ ಅನುವಾದಕರ ಇಂಗ್ಲಿಷ್ ಅನುವಾದ ಮತ್ತು ಮೂಲ, ಎರಡನ್ನೂ ಒಟ್ಟಿಗೆ ಹಾಕಬೇಕು. ಅನುವಾದ ಮಾತ್ರ ಹಾಕಿದರೆ ವಾಪಸ್ ಬರುತ್ತದೆ.

ಎರಡನೆಯದು ದಿನಾಂಕ, ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ನಿಮ್ಮ ಆಸ್ಪತ್ರೆ ಹಿಜ್ರಿ ದಿನಾಂಕದಲ್ಲಿ ಪತ್ರ ಕೊಟ್ಟಿದೆಯೇ ನೋಡಿ. ಹಿಜ್ರಿ ವರ್ಷಕ್ಕೆ 354 ಅಥವಾ 355 ದಿನ. ಮೊಹರಂ 1ರಿಂದ ಮುಂದಿನ ವರ್ಷದ ಜುಲ್‌ಹಜ್ ಕೊನೆಯವರೆಗೆ, ಅಂದರೆ ಎರಡು ಪೂರ್ತಿ ಹಿಜ್ರಿ ವರ್ಷ ಕೆಲಸ ಮಾಡಿದರೂ, ಇಂಗ್ಲಿಷ್ ಕ್ಯಾಲೆಂಡರ್‌ನಲ್ಲಿ ಎರಡು ವರ್ಷಕ್ಕೆ ಸುಮಾರು 22 ದಿನ ಕಡಿಮೆ. ಅರ್ಜಿಯಲ್ಲಿ ಅವಳು 'ಎರಡು ವರ್ಷ' ಎಂದು ಬರೆದಿದ್ದರೆ ಆಸ್ಪತ್ರೆಯ ಉತ್ತರ ಅದಕ್ಕೆ ಹೊಂದುವುದಿಲ್ಲ. ಎರಡು ವರ್ಷದ ಅನುಭವವೇ ಷರತ್ತಾಗಿದ್ದರೆ ಆ 22 ದಿನ ಕೆಲಸದಲ್ಲಿ ಮುಂದುವರಿದು ಆಮೇಲೆ ರಾಜೀನಾಮೆ ಕೊಡುವುದು ಜಾಣತನ.

ಸಿರಿಯಾ, ಜೋರ್ಡಾನ್, ಇರಾಕ್ ಕಡೆಯವರ ಕಾಗದದಲ್ಲಿ ಇನ್ನೊಂದು ಗೊಂದಲ ಬರುತ್ತದೆ. ಅಲ್ಲಿ ಡಿಸೆಂಬರ್ 'ಮೊದಲ ಕಾನೂನ್', ಜನವರಿ 'ಎರಡನೇ ಕಾನೂನ್'. ಅಕ್ಟೋಬರ್, ನವೆಂಬರ್‌ಗೂ ಹೀಗೆಯೇ ಮೊದಲ, ಎರಡನೇ 'ತಿಶ್ರೀನ್'. ಅನುವಾದಕರು ಸಂಖ್ಯೆಯನ್ನು ತಪ್ಪಾಗಿ ಓದಿದರೆ 2021ರ ಜನವರಿ 2021ರ ಡಿಸೆಂಬರ್ ಆಗಿ, ಒಂದೇ ಏಟಿಗೆ ಹನ್ನೊಂದು ತಿಂಗಳ ಅನುಭವ ಮಾಯವಾಗುತ್ತದೆ.

ಹೊಸ ಅನುಭವ ಪತ್ರ ಬರೆಸುವಾಗ ಇಷ್ಟು ಇರಲಿ: ಲೆಟರ್‌ಹೆಡ್, ಪಾಸ್‌ಪೋರ್ಟ್‌ನಲ್ಲಿರುವ ಪೂರ್ಣ ಹೆಸರು, ಹುದ್ದೆ, ವಿಭಾಗ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ, ಪೂರ್ಣಾವಧಿ ಕೆಲಸವೇ ಎಂಬುದು, ಸೇರಿದ ಮತ್ತು ಬಿಟ್ಟ ದಿನ-ತಿಂಗಳು-ವರ್ಷ ಎರಡೂ ಕ್ಯಾಲೆಂಡರ್‌ಗಳಲ್ಲಿ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಆಸ್ಪತ್ರೆಯ ಸ್ವಂತ ಡೊಮೇನ್‌ನ ಇಮೇಲ್. ಜಿಮೇಲ್ ವಿಳಾಸ ಕೊಟ್ಟರೆ ಪರಿಶೀಲಕರು ನಂಬುವುದಿಲ್ಲ. ಪರಿಶೀಲನೆಯ ಪತ್ರ ಬಂದಾಗ ಉತ್ತರಿಸುವಂತೆ ಎಚ್‌ಆರ್‌ನವರಿಗೆ ನೀವೇ ಒಂದು ಮಾತು ಹೇಳಿಡಿ. ಇನ್‌ಚಾರ್ಜ್ ಹೇಳಿದರೆ ಅದಕ್ಕೊಂದು ತೂಕ ಇರುತ್ತದೆ. ಜೊತೆಗೆ, ಸೌದಿಯಿಂದ ತೆಗೆದುಕೊಳ್ಳುವ ಗುಡ್ ಸ್ಟ್ಯಾಂಡಿಂಗ್ ಪತ್ರ (ವೃತ್ತಿಯಲ್ಲಿ ಶಿಸ್ತುಕ್ರಮ ಇಲ್ಲ ಎಂಬ ಪತ್ರ) ಸಾಮಾನ್ಯವಾಗಿ 6 ತಿಂಗಳೊಳಗಿನದೇ ಆಗಿರಬೇಕು. ಅದನ್ನು ಮೊದಲೇ ತೆಗೆದಿಟ್ಟುಕೊಂಡು ಡಿಸ್ಕ್ರಿಪನ್ಸಿ ಸರಿಪಡಿಸುವಷ್ಟರಲ್ಲಿ ಅವಧಿ ಮುಗಿದು ಮತ್ತೆ ಶುಲ್ಕ ಕಟ್ಟಿದವರು ತುಂಬಾ ಮಂದಿ. ಕೊನೆಗೆ ತೆಗೆಸಿ.

ಪ್ರಶ್ನೆ: ಮಂಗಳೂರಿನಲ್ಲಿ ಸೌದಿ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದೇನೆ. ಅರಬ್ ದೇಶಗಳ ನರ್ಸ್‌ಗಳಿಗೆ ಪರೀಕ್ಷೆ ಅರಬ್ಬಿಯಲ್ಲೇ ಇರುತ್ತದೆ, ಅವರಿಗೆ ಸುಲಭ ಎಂದು ಕೋಚಿಂಗ್‌ನಲ್ಲಿ ಹೇಳಿದರು. ನಿಜವೇ?

ಉತ್ತರ: ಅಲ್ಲ. ಸೌದಿ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಇಂಗ್ಲಿಷ್‌ನಲ್ಲೇ ಇರುತ್ತದೆ. ಒಟ್ಟು 200 ಬಹು ಆಯ್ಕೆಯ ಪ್ರಶ್ನೆ, ನೂರು ನೂರರ ಎರಡು ಭಾಗ, ಒಂದೊಂದಕ್ಕೆ 2 ಗಂಟೆ. ಅಂಕವನ್ನು 200ರಿಂದ 800ರ ಅಳತೆಯಲ್ಲಿ ಕೊಡುತ್ತಾರೆ, ತೇರ್ಗಡೆಗೆ 500 ಬೇಕು. ಸಿರಿಯಾದಲ್ಲಿ ವೈದ್ಯಕೀಯ ಶಿಕ್ಷಣ ಅರಬ್ಬಿ ಮಾಧ್ಯಮದಲ್ಲಿ ನಡೆಯುವುದರಿಂದ ಅಲ್ಲಿನ ನರ್ಸ್‌ಗಳಿಗೆ ವಿಷಯ ಗೊತ್ತಿದ್ದರೂ ಪ್ರಶ್ನೆ ಓದಲು ಹೆಚ್ಚು ಹೊತ್ತು ಹಿಡಿಯುತ್ತದೆ. ಈ ವಿಷಯದಲ್ಲಿ ಇಂಗ್ಲಿಷ್‌ನಲ್ಲಿ ಓದಿದ ನೀವೇ ಮುಂದಿದ್ದೀರಿ.

ಅಂಕ ಕಳೆದುಕೊಳ್ಳುವ ಜಾಗ ಎರಡೂ ಕಡೆಯವರಿಗೆ ಒಂದೇ, ಔಷಧ ಲೆಕ್ಕ. ಉದಾಹರಣೆಗೆ, 500 ಮಿಲಿಯಲ್ಲಿ 25,000 ಯೂನಿಟ್ ಹೆಪಾರಿನ್ ಇದೆ, ಗಂಟೆಗೆ 1,000 ಯೂನಿಟ್ ಕೊಡಬೇಕು. ಒಂದು ಮಿಲಿಗೆ 50 ಯೂನಿಟ್, ಆದ್ದರಿಂದ ಪಂಪ್ ಗಂಟೆಗೆ 20 ಮಿಲಿ. ಇನ್ನೊಂದು: 1,000 ಮಿಲಿ ಸಲೈನ್ 8 ಗಂಟೆಯಲ್ಲಿ, ಮಿಲಿಗೆ 20 ಹನಿಯ ಸೆಟ್. 20,000 ಹನಿಯನ್ನು 480 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ 42 ಹನಿ. ಇಲ್ಲಿ ಗಂಟೆಯನ್ನು ನಿಮಿಷಕ್ಕೆ ಬದಲಿಸಲು ಮರೆಯುವುದೇ ಸಾಮಾನ್ಯ ತಪ್ಪು. ದಿನಕ್ಕೆ ಹತ್ತು ಲೆಕ್ಕವನ್ನು ಕಾಗದದ ಮೇಲೆ ಮಾಡಿ.

ಅರಬ್ಬಿ ಉಪಯೋಗಕ್ಕೆ ಬರುವುದು ರೋಗಿಯ ಹಾಸಿಗೆ ಪಕ್ಕದಲ್ಲಿ. ಅಲ್ಲಿ ಈಜಿಪ್ಟ್, ಜೋರ್ಡಾನ್‌ನವರಿಗೆ ಅನುಕೂಲ ದೊಡ್ಡದು, ಮೊರಾಕೊದವರಿಗೆ ಸೌದಿ ಆಡುಮಾತು ಹಿಡಿಯಲು ಕೆಲವು ದಿನ ಬೇಕು. ನೀವೂ ನೋವು, ಅಲರ್ಜಿ, ಉಪವಾಸ, ಮೂತ್ರ, ಉಸಿರಾಟದ ಬಗ್ಗೆ ಕೇಳುವ ಪ್ರಶ್ನೆಗಳನ್ನು ಹೊರಡುವ ಮೊದಲೇ ಕಲಿತಿಟ್ಟುಕೊಳ್ಳಿ.

ಪ್ರಶ್ನೆ: ಸೌದಿಯ ಜುಬೈಲ್‌ನ ಖಾಸಗಿ ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ವಿಜಯಪುರದವನು. ಈಜಿಪ್ಟಿನ ನರ್ಸ್ ಒಬ್ಬರು ಆರು ವರ್ಷ ದುಡಿದು ಮದುವೆಗೆಂದು ಬಿಡುತ್ತಿದ್ದಾರೆ. ರಾಜೀನಾಮೆ ಕೊಟ್ಟರೆ ಸೇವಾಂತ್ಯದ ಹಣ ಕಡಿಮೆ ಎಂದು ಅವರಿಗೆ ಯಾರೋ ಹೇಳಿದ್ದಾರೆ. ಹಿಂದೆ ಇಕಾಮಾ (ವಾಸದ ಪರವಾನಗಿ) ನವೀಕರಣದ ಶುಲ್ಕವನ್ನೂ ಅವರ ಸಂಬಳದಲ್ಲೇ ಹಿಡಿದಿದ್ದರು.

ಉತ್ತರ: ಇಕಾಮಾ ಶುಲ್ಕದಿಂದ ಶುರು ಮಾಡೋಣ. ಸೌದಿ ಕಾರ್ಮಿಕ ಕಾನೂನಿನ 40ನೇ ವಿಧಿಯ ಪ್ರಕಾರ ನೇಮಕಾತಿಯ ಖರ್ಚು, ಇಕಾಮಾ ಮತ್ತು ಕೆಲಸದ ಪರವಾನಗಿ ಶುಲ್ಕ, ಅವುಗಳ ನವೀಕರಣ, ತಡವಾದರೆ ಬೀಳುವ ದಂಡ ಎಲ್ಲವೂ ಮಾಲೀಕರ ಹೊಣೆ. ಹಿಡಿದ ಹಣವನ್ನು ಸಂಬಳದ ಚೀಟಿ ಸಮೇತ ಲಿಖಿತವಾಗಿ ಕೇಳಲಿ.

ಸೇವಾಂತ್ಯದ ಹಣಕ್ಕೆ ಮೊದಲ ಐದು ವರ್ಷ ವರ್ಷಕ್ಕೆ ಅರ್ಧ ತಿಂಗಳ ವೇತನ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳದ್ದು. ಕೊನೆಯ ವೇತನ 4,500 ರಿಯಾಲ್ ಎಂದಿಟ್ಟುಕೊಳ್ಳಿ. ಮೊದಲ ಐದು ವರ್ಷಕ್ಕೆ 11,250, ಆರನೆಯದಕ್ಕೆ 4,500, ಒಟ್ಟು 15,750 ರಿಯಾಲ್. ರಾಜೀನಾಮೆ ಕೊಟ್ಟವರಿಗೆ ಎರಡರಿಂದ ಐದು ವರ್ಷದ ಸೇವೆಗೆ ಇದರ ಮೂರನೇ ಒಂದು ಭಾಗ, ಐದು ದಾಟಿ ಹತ್ತರೊಳಗಿದ್ದರೆ ಮೂರನೇ ಎರಡು ಭಾಗ. ಆ ಲೆಕ್ಕದಲ್ಲಿ ಅವರಿಗೆ 10,500 ಬರಬೇಕು, ಅವರಿಗೆ ಯಾರೋ ಹೇಳಿದ್ದು ಇದನ್ನೇ.

ಆದರೆ 87ನೇ ವಿಧಿ ಬೇರೆ ಮಾತು ಹೇಳುತ್ತದೆ. ಮದುವೆಯಾದ ದಿನದಿಂದ 6 ತಿಂಗಳೊಳಗೆ, ಅಥವಾ ಹೆರಿಗೆಯಾದ 3 ತಿಂಗಳೊಳಗೆ ಕೆಲಸ ಬಿಡುವ ಹೆಣ್ಣುಮಕ್ಕಳಿಗೆ ಹಣ ಪೂರ್ತಿ ಸಿಗಬೇಕು. ಅವಧಿ ಎಣಿಸುವುದು ಮದುವೆಯ ದಿನದಿಂದ ಎಂಬುದನ್ನು ಗಮನಿಸಿ. ನಿಶ್ಚಿತಾರ್ಥ ಮುಗಿದಿದೆ ಎಂದು ಈಗಲೇ ರಾಜೀನಾಮೆ ಕೊಟ್ಟರೆ 5,250 ರಿಯಾಲ್ ಹೋಗುತ್ತದೆ. ರಜೆ ಹಾಕಿ ಮದುವೆ ಮಾಡಿಕೊಂಡು, ದೃಢೀಕರಿಸಿದ ವಿವಾಹ ಪತ್ರದ ಪ್ರತಿಯನ್ನು ಲಗತ್ತಿಸಿ, ಪತ್ರದಲ್ಲಿ 87ನೇ ವಿಧಿಯನ್ನು ಹೆಸರಿಸಿಯೇ ರಾಜೀನಾಮೆ ಬರೆಯಲಿ. ಲೆಕ್ಕ ನಿಮ್ಮ ಮೇಜಿಗೇ ಬರುವುದರಿಂದ ಈ ಮಾತನ್ನು ಅವರಿಗೆ ರಜೆಗೆ ಹೊರಡುವ ಮುನ್ನವೇ ತಿಳಿಸಿ.