ಸೀಸದಲ್ಲಿ ಶಬ್ದವೇಕೆ ನಿಧಾನ?

ಪ್ರಶ್ನೆ: ಅಣುಗಳು ಒತ್ತೊತ್ತಾಗಿರುವುದರಿಂದ ಶಬ್ದವು ಗಾಳಿಗಿಂತ ನೀರಿನಲ್ಲಿ, ನೀರಿಗಿಂತ ಉಕ್ಕಿನಲ್ಲಿ ವೇಗವಾಗಿ ಸಾಗುತ್ತದೆ ಎಂದು ಓದಿದ್ದೇನೆ. ಹಾಗಾದರೆ ಉಕ್ಕಿಗಿಂತಲೂ ಸಾಂದ್ರವಾದ ಸೀಸದಲ್ಲಿ ಅದು ಇನ್ನೂ ವೇಗವಾಗಿರಬೇಕಲ್ಲವೇ? ಶಬ್ದದ ವೇಗಗಳ ಕೋಷ್ಟಕದಲ್ಲಿ ಉಲ್ಟಾ ಇದೆ.

ಉತ್ತರ: ಕೋಷ್ಟಕ ಸರಿಯಾಗಿದೆ, ಎಡವಿರುವುದು ಆ ‘ಒತ್ತೊತ್ತಾಗಿ’ ಎಂಬ ವಿವರಣೆ. ಹೇಳಲು ಸುಲಭ ಎಂಬ ಒಂದೇ ಕಾರಣಕ್ಕೆ ಅದು ಇನ್ನೂ ಉಳಿದುಕೊಂಡಿದೆ ಎಂಬುದು ನನ್ನ ಗುಮಾನಿ. ನಿಜವಾಗಿ ಸಾಂದ್ರತೆ ಶಬ್ದಕ್ಕೆ ಅಡ್ಡಗಾಲು ಹಾಕುತ್ತದೆ. ವಸ್ತುವಿನ ಒಂದು ಪದರ ಪಕ್ಕದ ಪದರವನ್ನು ಒತ್ತುತ್ತದೆ, ಅದು ತನ್ನ ಮುಂದಿನದನ್ನು ಒತ್ತುತ್ತದೆ; ಶಬ್ದ ಸಾಗುವುದು ಹೀಗೆ. ಪದರ ಭಾರವಾಗಿದ್ದಷ್ಟೂ ಅಲುಗಲು ತಡ. ಒತ್ತಿದಾಗ ಮಣಿಯದೆ ಬಿಗಿಯಾಗಿ ಎದುರು ಒತ್ತಿದಷ್ಟೂ ಅಲೆ ಬೇಗ ಮುಂದಕ್ಕೆ ದಾಟುತ್ತದೆ. ವಸ್ತುವಿನ ಬಿಗುವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ ಸಿಗುತ್ತದೆ.

ಸೀಸವನ್ನು ಉಗುರಿನಿಂದ ಗೀರಬಹುದು, ಅಷ್ಟು ಮೆದು. ಭಾರವೂ ಹೌದು, ಬಿಗುವೂ ಇಲ್ಲ. ಹಾಗಾಗಿ ಸೀಸದ ತೆಳು ಸರಳಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,200 ಮೀಟರ್. ಉಕ್ಕಿನ ಸರಳಿನಲ್ಲಿ ಅದು 5,000 ಮೀಟರಿನ ಆಸುಪಾಸು. ಇನ್ನು ಅಲ್ಯೂಮಿನಿಯಂ ನೋಡಿ: ಸಾಂದ್ರತೆ ಉಕ್ಕಿನ ಮೂರನೇ ಒಂದು ಭಾಗ, ಬಿಗುವೂ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಎರಡೂ ವಜಾ ಆಗಿ ವೇಗ ಹತ್ತಿರಹತ್ತಿರ ಉಕ್ಕಿನಷ್ಟೇ ಉಳಿಯುತ್ತದೆ.

ನೀರಿನ ಲೆಕ್ಕವೂ ಇದೇ. ಅದು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರ. ಅದೊಂದನ್ನೇ ಹಿಡಿದರೆ ನೀರಿನಲ್ಲಿ ಶಬ್ದ ತೆವಳಬೇಕಿತ್ತು. ಆದರೆ ನೀರನ್ನು ಅದುಮುವುದು ಗಾಳಿಯನ್ನು ಅದುಮುವುದಕ್ಕಿಂತ ಸುಮಾರು 15,000 ಪಟ್ಟು ಕಷ್ಟ. ಆದ್ದರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ 343 ಮೀಟರ್ ಇರುವ ವೇಗ ನೀರಿನಲ್ಲಿ ಸುಮಾರು 1,480 ಮೀಟರ್. ಹೀಲಿಯಂ ಇದಕ್ಕೆ ತದ್ವಿರುದ್ಧ ಸಾಕ್ಷಿ. ಅದರ ಬಿಗುವು ಬಹುಮಟ್ಟಿಗೆ ಗಾಳಿಯದೇ, ಭಾರ ಮಾತ್ರ ತೀರಾ ಕಡಿಮೆ. ಅಲ್ಲಿ ಶಬ್ದ ಗಾಳಿಗಿಂತ ಮೂರು ಪಟ್ಟಿನಷ್ಟು ವೇಗ.

ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಗುಳ್ಳೆಗಳಿರುವ ನೀರು. ನೀರಿನ ಗಾತ್ರದಲ್ಲಿ ಶೇ 1ರಷ್ಟು ಸಣ್ಣ ಗಾಳಿಗುಳ್ಳೆಗಳು ಬೆರೆತರೂ ಸಾಕು, ಶಬ್ದದ ವೇಗ ಸೆಕೆಂಡಿಗೆ ಸುಮಾರು 100 ಮೀಟರಿಗೆ ಕುಸಿಯುತ್ತದೆ. ಬರಿಯ ನೀರಿಗಿಂತ ಕಡಿಮೆ ಎಂಬುದಿರಲಿ, ಬರಿಯ ಗಾಳಿಗಿಂತಲೂ ಕಡಿಮೆ! ಮಿಶ್ರಣದ ಭಾರ ನೀರಿನದು, ಮಣಿಯುವ ಗುಣ ಗುಳ್ಳೆಗಳದು. ನಲ್ಲಿಯಿಂದ ಹಾಲಿನಂತೆ ಬೆಳ್ಳಗೆ ನೊರೆಗಟ್ಟಿ ಬಂದ ನೀರನ್ನು ಎತ್ತರದ ಗಾಜಿನ ಲೋಟಕ್ಕೆ ಹಿಡಿದು, ಕೂಡಲೇ ಲೋಟದ ತಳವನ್ನು ಚಮಚದಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಮೊದಲು ದಪ್ಪ ದನಿ ಕೇಳುತ್ತದೆ; ಗುಳ್ಳೆಗಳು ಮೇಲೆದ್ದು ನೀರು ತಿಳಿಯಾದಂತೆ ಸ್ವರ ಏರುತ್ತದೆ.

ಪ್ರಶ್ನೆ: ನೀರಿನಲ್ಲಿ ಶಬ್ದದ ವೇಗವನ್ನು ಹಿಂದೆ ಹೇಗೆ ಅಳೆದರು?

ಉತ್ತರ: 1826ರಲ್ಲಿ ಭೌತವಿಜ್ಞಾನಿ ಕೊಲಡಾನ್ ಮತ್ತು ಗಣಿತಜ್ಞ ಸ್ಟರ್ಮ್ ಜಿನೀವಾ ಸರೋವರದಲ್ಲಿ ಅಳೆದರು. ಒಂದು ದೋಣಿಯಿಂದ ನೀರೊಳಗೆ ಇಳಿಬಿಟ್ಟ ಗಂಟೆಯನ್ನು ಬಾರಿಸಿದ ಕ್ಷಣದಲ್ಲೇ ಮದ್ದಿನ ಪುಡಿ ಹೊತ್ತಿ ಮಿಂಚುವ ವ್ಯವಸ್ಥೆ ಇತ್ತು. 13 ಕಿಲೋಮೀಟರಿಗೂ ಹೆಚ್ಚು ದೂರದ ಇನ್ನೊಂದು ದೋಣಿಯಲ್ಲಿ, ನೀರಿಗೆ ಇಳಿಸಿದ ಕೊಳವೆಗೆ ಕಿವಿಯಿಟ್ಟು, ಮಿಂಚು ಕಂಡದ್ದಕ್ಕೂ ಸದ್ದು ಕೇಳಿದ್ದಕ್ಕೂ ನಡುವಿನ ಸಮಯವನ್ನು ಎಣಿಸಿದರು. ಸಿಕ್ಕಿದ್ದು ಸೆಕೆಂಡಿಗೆ 1,435 ಮೀಟರ್. ಅಂದಿನ ನೀರು ಸುಮಾರು 8 ಡಿಗ್ರಿಯಷ್ಟು ತಣ್ಣಗಿತ್ತು. ಆ ತಾಪಮಾನಕ್ಕೆ ಇಂದು ಒಪ್ಪಿರುವ ಬೆಲೆಗೂ ಇದಕ್ಕೂ ಐದಾರು ಮೀಟರಿನಷ್ಟೂ ಅಂತರವಿಲ್ಲ.